ಟವಲ್ಲಿನ ಅಡಿ ಕೇಳಿದ ಸಂಬಳ

ಹೊಟ್ಟೆ ನೋವೆಂದರೆ ಹೊಟ್ಟೆ ಒತ್ತಿ ನೋಡುತ್ತಾರೆ. ಕೈ ಮುರಿದರೆ ಎಕ್ಸ್‌ರೇ ತೆಗೆಯುತ್ತಾರೆ. ಮನಸ್ಸನ್ನು ಎಲ್ಲಿ ಒತ್ತಿ ನೋಡುತ್ತಾರೆ? ಕೈಗೇ ಸಿಗದ ಜಾಗಕ್ಕೆ ಡಾಕ್ಟರೆಂದರೆ ಅದೆಂಥ ಡಾಕ್ಟರಿಕೆ? ಅದಕ್ಕೆ ಯಾರು ದುಡ್ಡು ಕೊಡುತ್ತಾರೆ? ಓದಿದ್ದೆಲ್ಲ ನೀರಿಗೆ ಹಾಕಿದಂತಾಗುವುದಿಲ್ಲವೇ?

ಕುರಿ ಸಂತೆಯಲ್ಲಿ ಎರಡು ಟಗರುಗಳ ಹಗ್ಗ ಹಿಡಿದು ನಿಂತಿದ್ದ ರಾಮಾಂಜನೇಯನಿಗೆ ಬೆಳಗಿನಿಂದ ಇದೇ ಯೋಚನೆ. ಅವನು ಮದಲೂರಿನ ಕಡೆಯ ಒಂದು ಹಟ್ಟಿಯವನು. ಅವನ ತಾತ ಕುರಿ ಕಾಯ್ದ, ಅಪ್ಪ ಕಾಯ್ದ, ಅವನೂ ಕಾಯ್ದ. ಮಗಳು ಗಂಗಾಲಕ್ಷ್ಮಿ ಮಾತ್ರ ಸರ್ಕಾರಿ ಕಾಲೇಜಿನಲ್ಲಿ ಓದಿ ಡಾಕ್ಟರಾದಳು. ಈಗ ಪಾವಗಡದ ಕಡೆ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಳೆ. ಮುಂದಿನ ಓದಿಗೆ ಪರೀಕ್ಷೆ ಬರೆದು ಒಳ್ಳೆಯ ರ‍್ಯಾಂಕೂ ಪಡೆದಿದ್ದಾಳೆ. ಯಾವ ವಿಭಾಗ ಬೇಕೆಂದು ಗುರುವಾರ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕು. ಮೂಳೆಯದೋ ಮಕ್ಕಳದೋ ತೆಗೆದುಕೊಳ್ಳುತ್ತಾಳೆ ಎಂದು ಅವನು ಹಟ್ಟಿಗೆಲ್ಲ ಹೇಳಿಕೊಂಡು ಬಂದಿದ್ದ. ಅವಳು ಫೋನಿನಲ್ಲಿ ಹೇಳಿದ್ದೇ ಬೇರೆ. ಮನೋವೈದ್ಯ ವಿಭಾಗ. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು.

ಬೇಡ ಎಂದುಬಿಟ್ಟ. ಮಗಳು ಹೇಳಿದಳು: “ನೀನು ಬೇಡ ಅಂದ್ರೆ ಬದಲಾಯಿಸ್ತೀನಪ್ಪಾ. ಆದ್ರೆ ಯಾಕೆ ಬೇಡ ಅಂತ ಹೇಳ್ಬೇಕು.”

ಕುರಿ ಬಿಡೋ ಹೊತ್ತಾಯಿತೆಂದು ಅವನು ಫೋನು ಇಟ್ಟುಬಿಟ್ಟಿದ್ದ.

ಸಂತೆಯಲ್ಲಿ ಅವನ ಟಗರು ಕೊಳ್ಳುವುದು ಸಿರಾದ ಹಬೀಬ್ ಸಾಬ್. ಇಪ್ಪತ್ತು ವರ್ಷದ ಗಿರಾಕಿ. ಈ ಕಡೆಯ ಸಂತೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಒಂದು ಟವಲ್ಲಿನ ಅಡಿ ಕೈ ಇಟ್ಟು, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ತಿಳಿಸುತ್ತಾರೆ. ಒಂದು ಬೆರಳಿಗೆ ಒಂದು ಸಾವಿರ. ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ರಾಮಾಂಜನೇಯ ಸುಲಭಕ್ಕೆ ಬಗ್ಗುವವನಲ್ಲ. ಸಾಬರ ಬೆರಳನ್ನು ಹಿಂಡಿ, ಮಡಚಿ, ಅರ್ಧ ಗಂಟೆ ಜಗ್ಗಾಡುವವನು. ಇವತ್ತು ಸಾಬರು ಹಿಡಿದ ಮೊದಲ ಬೆಲೆಗೇ ಒಪ್ಪಿಬಿಟ್ಟ.

ಹಬೀಬ್ ಸಾಬ್ ಕೈ ಬಿಡಲಿಲ್ಲ. “ಏನಾಯ್ತು ರಾಮಣ್ಣ? ನಿನ್ನ ಬೆರಳಲ್ಲಿ ಜೀವಾನೇ ಇಲ್ವಲ್ಲ.”

ರಾಮಾಂಜನೇಯ ಮಗಳ ವಿಷಯ ಹೇಳಿದ. ಹುಚ್ಚರ ಡಾಕ್ಟರೆಂದರೆ ಮದುವೆಗೆ ಯಾರು ಮುಂದೆ ಬರುತ್ತಾರೆ ಎಂದ. ಸಂಪಾದನೆ ಇಲ್ಲವಂತೆ ಎಂದ. ಅಂತೆ ಎಂದು ಹೇಳಿದವರು ಯಾರೆಂದು ಸಾಬರು ಕೇಳಿದರೆ, ಅವನಿಗೆ ಯಾರ ಹೆಸರೂ ನೆನಪಾಗಲಿಲ್ಲ.

ಸಾಬರು ದನಿ ತಗ್ಗಿಸಿ ತಮ್ಮ ಮನೆಯ ಮಾತು ಹೇಳಿದರು. ಅವರ ಹೆಂಡತಿ ಖಾಜಾಬಿ ಎರಡು ವರ್ಷ ಅಡುಗೆಮನೆಯಿಂದ ಈಚೆಗೇ ಬಂದಿರಲಿಲ್ಲ. ಬೇಯಿಸಿ ಇಡುತ್ತಿದ್ದರು, ತಾವು ಸರಿಯಾಗಿ ಉಣ್ಣುತ್ತಿರಲಿಲ್ಲ. ಕೂಗಾಟವಿಲ್ಲ, ಅಳುವಿಲ್ಲ, ಮಾತೇ ಇಲ್ಲ. ಯಾರೋ ದೃಷ್ಟಿ ಎಂದರು, ಯಾರೋ ರಕ್ತ ಕಡಿಮೆ ಎಂದರು. ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ನಾಲ್ಕೈದು ತಿಂಗಳಲ್ಲಿ ಮನೆಯಲ್ಲಿ ಮತ್ತೆ ಜಗಳ ಶುರುವಾಯಿತು. ಆ ಜಗಳ ಕೇಳಿ ತಮಗೆ ಆದಷ್ಟು ಖುಷಿ ಯಾವ ಟಗರು ಮಾರಿದಾಗಲೂ ಆಗಿಲ್ಲ ಎಂದರು.

“ಈ ಮಂಗಳವಾರ ಮಾತ್ರೆ ತರೋಕೆ ಹೋಯ್ತೀನಿ. ನೀನೂ ಬಾ. ಟಗರು ಕೊಳ್ಳೋ ಮುಂಚೆ ಬಾಯಿ ಬಿಡಿಸಿ ಹಲ್ಲು ನೋಡ್ತೀಯ. ಮಗಳ ಕಸುಬನ್ನ ಕಣ್ಣಲ್ಲೂ ನೋಡ್ದೆ ಬ್ಯಾಡ ಅಂತೀಯಲ್ಲ, ಅದೆಂಗೆ?”

ಆಮೇಲೆ ಟಗರಿನ ಬೆಲೆಗೆ ತಾವೇ ಒಂದು ಬೆರಳು ಹೆಚ್ಚು ಹಿಡಿದರು. “ಮೋಸದ ವ್ಯಾಪಾರ ನಂಗೆ ಬ್ಯಾಡ” ಎಂದರು.

ಮಂಗಳವಾರ ರಾಮಾಂಜನೇಯ ಸಿರಾಕ್ಕೆ ಹೋದ. ಹಟ್ಟಿಯಲ್ಲಿ ಕುರಿ ಔಷಧಿ ತರುತ್ತೇನೆಂದು ಹೇಳಿದ್ದ. ಹೆಂಡತಿ ಸರೋಜಮ್ಮನಿಗೂ ಅಷ್ಟೇ. ಬಸ್ಸಿನಲ್ಲಿ ಅವನ ತಲೆಯಲ್ಲಿದ್ದದ್ದು ಕಬ್ಬಿಣದ ಬಾಗಿಲು, ಸರಪಳಿ, ಕಿರುಚಾಟ. ಆಸ್ಪತ್ರೆಯಲ್ಲಿ ಕಂಡದ್ದು ಉದ್ದನೆಯ ಬೆಂಚು. ಬೆಂಚಿನ ಮೇಲೆ ಸಂತೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿಯ ಸಾಲಿನಲ್ಲಿ ಕಾಣುವಂಥದೇ ಜನ. ನಿದ್ದೆ ಬರದ ಮೇಷ್ಟರೊಬ್ಬರು. ಕುಡಿತ ಬಿಡಬೇಕೆಂದು ಬಂದ ಟ್ರ್ಯಾಕ್ಟರ್ ಡ್ರೈವರ್. ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದೆ ಕೂತ ಬಾಣಂತಿ, ಅವಳ ಪಕ್ಕದಲ್ಲಿ ಮಗುವನ್ನು ಹಿಡಿದ ಅತ್ತೆ.

ಬೆಂಚಿನ ತುದಿಯಲ್ಲಿ ಒಬ್ಬ ಮುದುಕಿ ನೆಲ ನೋಡುತ್ತ ಕೂತಿದ್ದಳು. ಹೆಸರು ಕರೆದರೂ ಏಳಲಿಲ್ಲ. ಒಳಗಿನಿಂದ ಡಾಕ್ಟರೇ ಎದ್ದು ಬಂದರು, ಮೂವತ್ತೈದರ ಆಸುಪಾಸಿನ ಒಬ್ಬ ಸಾಧಾರಣ ಮನುಷ್ಯ. ಏನೂ ಕೇಳಲಿಲ್ಲ. ಮುದುಕಿಯ ಪಕ್ಕದಲ್ಲಿ ಕೂತರು. ಅವಳು ನೋಡುತ್ತಿದ್ದ ನೆಲವನ್ನೇ ತಾವೂ ನೋಡಿದರು. ಸುಮಾರು ಹೊತ್ತಾದ ಮೇಲೆ ಮುದುಕಿ ತಾನಾಗಿಯೇ ಸೆರಗು ಸರಿಮಾಡಿಕೊಂಡು, ಅವರ ಹಿಂದೆ ಎದ್ದು ಹೋದಳು.

ಮಂದೆಯಲ್ಲಿ ಒಂದು ಕುರಿ ಮೆಲುಕು ಹಾಕುವುದನ್ನು ನಿಲ್ಲಿಸಿ ದೂರ ನಿಂತರೆ ರಾಮಾಂಜನೇಯನೂ ಈ ಡಾಕ್ಟರ ಹಾಗೆಯೇ ಮಾಡುತ್ತಿದ್ದ. ಹೋಗಿ ಹಿಡಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕಾಯುತ್ತಿದ್ದ. ಗಾಯವಿಲ್ಲ, ಜ್ವರವಿಲ್ಲ, ಆದರೂ ಇದಕ್ಕೆ ಹುಷಾರಿಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ಅದನ್ನು ಒಂದು ವಿದ್ಯೆ ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ.

ಅಲ್ಲಿನ ನರ್ಸ್ ಶಾಂತಕುಮಾರಿ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು, ಡಾಕ್ಟರ ಜೊತೆ ತಾಲ್ಲೂಕಿನಿಂದ ತಾಲ್ಲೂಕಿಗೆ ಓಡಾಡುವವರು. ಸಾಬರು ಖಾಜಾಬಿಯ ಹೆಸರು ಹೇಳುತ್ತಲೇ ಹೇಗಿದ್ದಾರೆ ಎಂದು ವಿಚಾರಿಸಿದರು. ನಿಮ್ಮ ಚೀಟಿ ಎಲ್ಲಿ ಎಂದು ರಾಮಾಂಜನೇಯನನ್ನೂ ಕೇಳಿದರು. ತಾನು ಸುಮ್ಮನೆ ನೋಡಲು ಬಂದವನು ಎಂದು ಅವನು ಅವಸರದಲ್ಲಿ ಹೇಳಿದ. ಹಬೀಬ್ ಸಾಬ್ ನಡುವೆ ಬಂದು ವಿಷಯ ತಿಳಿಸಿದರು.

ಮದುವೆಯ ಮಾತಿಗೆ ನರ್ಸಮ್ಮ ನಕ್ಕರು. ತಮಗೆ ಮದುವೆಯಾಗಿ ಹನ್ನೆರಡು ವರ್ಷ, ಎರಡು ಮಕ್ಕಳು, ಮನೆಗೆ ಬರುವುದು ತಡ ಎಂಬುದೊಂದೇ ಗಂಡನ ತಕರಾರು ಎಂದರು. ಇನ್ನುಳಿದದ್ದು ಸಂಪಾದನೆಯ ಪ್ರಶ್ನೆ. ಒಬ್ಬ ಹೆಣ್ಣುಮಗಳ ಮುಂದೆ ಸಂಬಳದ ಮಾತೆತ್ತುವುದು ರಾಮಾಂಜನೇಯನಿಗೆ ಸರಿಕಾಣಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು, ಅದರ ಅಡಿಯಲ್ಲಿ ಸಾಬರ ಕೈ ಹಿಡಿದು ಬೆರಳು ಒತ್ತಿದ.

ಸಾಬರು ಬೆಂಚಿನವರೆಲ್ಲ ಕೇಳುವಂತೆ ಹೇಳಿದರು: “ನೋಡಿ ಸಿಸ್ಟರ್, ಡಾಕ್ಟ್ರಿಗೆ ಸಂಬಳ ಎಷ್ಟು ಅಂತ ಟವಲ್ ಅಡಿ ಕೇಳ್ತಾ ಅವ್ನೆ. ಮಗಳೇನು ಟಗರಾ?”

ಬಾಣಂತಿಯ ಅತ್ತೆಗೂ ನಗು ಬಂತು. ಶಾಂತಕುಮಾರಿ ಹೇಳಿದರು: “ಟವಲ್ ತೆಗೀರಿ ಯಜಮಾನ್ರೆ. ಇದೇನು ಮುಚ್ಚಿಟ್ಟು ಕೇಳೋ ವಿಷಯ ಅಲ್ಲ.”

ಅವರು ಬಿಡಿಸಿ ಹೇಳಿದರು. ಎಂ.ಡಿ. ಓದುವ ಮೂರು ವರ್ಷವೂ ಕೈಗೆ ಸ್ಟೈಪೆಂಡ್ ಬರುತ್ತದೆ. ಮುಗಿಸಿದ ಮೇಲೆ ತಜ್ಞ ವೈದ್ಯರಿಗೆ ತಿಂಗಳಿಗೆ ಸಾಮಾನ್ಯವಾಗಿ ಲಕ್ಷ ರೂಪಾಯಿಯ ಮೇಲೇ. ಊರು, ಆಸ್ಪತ್ರೆ, ಅನುಭವ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ದೊಡ್ಡ ಊರಿನಲ್ಲಿ ಸ್ಕ್ಯಾನಿಂಗ್ ಡಾಕ್ಟರೋ ಮೂಳೆ ಡಾಕ್ಟರೋ ಇದಕ್ಕಿಂತ ಜಾಸ್ತಿ ದುಡಿಯಬಹುದು, ಸುಳ್ಳು ಹೇಳುವುದಿಲ್ಲ ಎಂದರು. ಆದರೆ ಅವರಿಗೆ ಯಂತ್ರಕ್ಕೇ ಕೋಟಿ ಬೇಕು. ಮನೋವೈದ್ಯರು ಸ್ವಂತ ಕ್ಲಿನಿಕ್ ಇಡಲು ಒಂದು ಮೇಜು, ಎರಡು ಕುರ್ಚಿ, ಸರಿಯಾಗಿ ಮುಚ್ಚುವ ಒಂದು ಬಾಗಿಲು ಸಾಕು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಬಹುದು. ಮಕ್ಕಳ ಮನಸ್ಸು, ಮುಪ್ಪಿನ ಮರೆವು, ಕುಡಿತ ಬಿಡಿಸುವುದು, ಹೀಗೆ ಒಂದನ್ನೇ ಹಿಡಿದು ಮುಂದೆ ಓದಬಹುದು. ಫೋನಿನಲ್ಲೇ ದೂರದ ಊರಿನವರನ್ನು ನೋಡುವ ಡಾಕ್ಟರೂ ಇದ್ದಾರೆ.

“ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಾ ಕಡೆ ಬೆಂಚು ತುಂಬಿರ್ತಾವೆ. ಕೂತು ನೋಡೋ ಡಾಕ್ಟ್ರೇ ಕಮ್ಮಿ” ಎಂದರು ಶಾಂತಕುಮಾರಿ. “ನಿಮ್ಮ ಮಗಳಿಗೆ ಕೆಲ್ಸ ಹುಡುಕ್ಕೊಂಡು ಬರುತ್ತೆ, ಅವರು ಹುಡುಕಬೇಕಾಗಿಲ್ಲ.”

ಡಾಕ್ಟರಿಕೆ ಓದದವರಿಗೂ ಇಲ್ಲಿ ದಾರಿಯುಂಟು ಎಂದೂ ಹೇಳಿದರು. ಅವರು ನರ್ಸಿಂಗ್ ಮುಗಿಸಿ ಇನ್ನೊಂದು ವರ್ಷ ಮಾನಸಿಕ ಆರೋಗ್ಯದ ಡಿಪ್ಲೊಮಾ ಓದಿದವರು. ಒಳಗೆ ಕೂತಿದ್ದ ಸಮಾಲೋಚಕಿ ಮನಶ್ಶಾಸ್ತ್ರ ಓದಿ ತರಬೇತಿ ಪಡೆದವರು. ಮನೆಮನೆಗೆ ಹೋಗಿ ವಿಚಾರಿಸುವವರು ಸಮಾಜಕಾರ್ಯ ಓದಿದವರು. ಸಂಬಳ ಡಾಕ್ಟರಷ್ಟು ಇಲ್ಲ, ಆದರೆ ಗೌರವದ ನೌಕರಿ.

ಹಬೀಬ್ ಸಾಬ್ ಮಾತ್ರೆಯ ಸಾಲಿಗೆ ಹೋದರು. ರಾಮಾಂಜನೇಯ ಒಂದು ಟೀ ಕುಡಿದು ಬರುತ್ತೇನೆಂದು ಹೊರಟ. ಅವನು ಬರುವ ಹೊತ್ತಿಗೆ ಒಂದು ಗಂಟೆ ದಾಟಿತ್ತು.

“ಟೀ ಸೊಪ್ಪು ಬೆಳೆದು ಕುಡ್ಕೊಂಡು ಬಂದ್ಯೇನೋ?” ಎಂದರು ಸಾಬರು. ಅವನು ಸುಮ್ಮನೆ ನಕ್ಕ.

ಅವತ್ತು ಸಂಜೆ ಕುರಿಗಳನ್ನು ರೊಪ್ಪಕ್ಕೆ ಸೇರಿಸಿ, ಮಗಳಿಗೆ ಅವನೇ ಫೋನು ಮಾಡಿದ. “ಬದಲಾಯಿಸಬ್ಯಾಡ ಕಣವ್ವ. ಅದೇ ಇರ್ಲಿ.”

ಗಂಗಾಲಕ್ಷ್ಮಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ತನ್ನ ಆರೋಗ್ಯ ಕೇಂದ್ರಕ್ಕೆ ಬರುವ ಒಬ್ಬ ಅಜ್ಜಿಯ ವಿಷಯ ಹೇಳಿದಳು. ಪ್ರತಿ ವಾರ ‘ತಲನೊಪ್ಪಿ’ ಎಂದು ತೆಲುಗಿನಲ್ಲಿ ತಲೆನೋವು ಹೇಳಿಕೊಂಡು ಬರುತ್ತಾಳೆ, ತಲೆಗೇನೂ ಆಗಿಲ್ಲ. ಹತ್ತು ನಿಮಿಷ ಮಾತಾಡಿಸಿದರೆ ಮಾತ್ರೆಯನ್ನು ಮೇಜಿನ ಮೇಲೇ ಮರೆತು ಹೋಗುತ್ತಾಳೆ. ಅಂಥವರು ದಿನಕ್ಕೆ ಏಳೆಂಟು ಜನ. ಅವರನ್ನು ಸರಿಯಾಗಿ ನೋಡುವುದನ್ನು ಕಲಿಯಬೇಕು ಎಂದಳು. ಕೊನೆಗೆ ಕೇಳಿದಳು: “ಅಪ್ಪಾ, ಮೊದ್ಲು ಯಾಕೆ ಬೇಡ ಅಂದೆ? ಅದನ್ನ ಹೇಳ್ಲೇ ಇಲ್ಲ ನೀನು.”

“ಸಂಬಳ ಕಮ್ಮಿ ಅನ್ಕಂಡಿದ್ದೆ, ಬುಡು” ಎಂದ ರಾಮಾಂಜನೇಯ.

ಗುರುವಾರ ಅವಳು ಕಂಪ್ಯೂಟರಿನಲ್ಲಿ ವಿಭಾಗದ ಹೆಸರು ತುಂಬಿದಳು. ಸೀಟು ಸಿಕ್ಕಿತು. ಮಗಳು ಏನು ಓದುತ್ತಾಳೆಂದು ಕೇಳಿದವರಿಗೆ ಸರೋಜಮ್ಮ ಈಗ ಮನಸ್ಸಿನ ಡಾಕ್ಟರು ಎಂದೇ ಹೇಳುತ್ತಾಳೆ. ಹುಚ್ಚರ ಡಾಕ್ಟರಾ ಎಂದು ಯಾರಾದರೂ ಕೊಂಕು ಮಾತಾಡಿದರೆ, ನಿನ್ನನ್ನೂ ಪುಕ್ಕಟೆ ನೋಡ್ತಾಳೆ ಬಾ ಎನ್ನುತ್ತಾಳೆ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಮಗಳೋ ಮಗನೋ ಈ ದಾರಿ ಹಿಡಿಯುತ್ತೇನೆಂದರೆ, ಅಂತೆಕಂತೆ ಕೇಳಿ ಬೇಡ ಎನ್ನಬೇಡಿ. ಒಂದು ದಿನ ಆ ಬೆಂಚಿನ ಹತ್ತಿರ ಹೋಗಿ ನಿಂತು ನೋಡಿ. ಸಂಬಳ ಎಷ್ಟೆಂದು ಬಾಯಿ ಬಿಟ್ಟು ಕೇಳಿ. ಹಾಗೆಯೇ ನಿಮ್ಮ ಮನೆಯಲ್ಲಿ ಯಾರಾದರೂ ಉಣ್ಣುವುದು, ಮಲಗುವುದು, ಮಾತಾಡುವುದು ಬಿಟ್ಟಿದ್ದರೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ ಕರೆದುಕೊಂಡು ಹೋಗಿ. ಹೋಗಲು ಆಗದಿದ್ದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ರಾಮಾಂಜನೇಯನಿಗೆ ಎರಡು ವರ್ಷದಿಂದ ನಿದ್ದೆ ಇರಲಿಲ್ಲ, ಊಟ ರುಚಿಸುತ್ತಿರಲಿಲ್ಲ. ಮಳೆ ಚೆನ್ನಾಗಿತ್ತು, ಕುರಿ ಚೆನ್ನಾಗಿದ್ದವು, ಮಗಳು ಡಾಕ್ಟರಾಗಿದ್ದಳು. ಏನೂ ಕಡಿಮೆಯಿಲ್ಲದೆ ಹೀಗೇಕೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಈ ಓದು ಓದಿದರೆ ಮಗಳು ತನ್ನ ಮುಖ ನೋಡಿಯೇ ಕಂಡುಹಿಡಿಯುತ್ತಾಳೆಂಬ ಹೆದರಿಕೆಗೆ ಅವನು ಬೇಡ ಎಂದಿದ್ದ. ಆ ಮಂಗಳವಾರ ಟೀ ಕುಡಿಯಲು ಹೋಗದೆ ತನ್ನ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ಡಾಕ್ಟರ ಮುಂದೆ ಕೂತು ಬಂದಿದ್ದ. ಈಗ ಅವನಿಗೆ ನಿದ್ದೆ ಬರುತ್ತದೆ. ಇದನ್ನು ಅವನು ಮಗಳಿಗೆ ಯಾವತ್ತೂ ಹೇಳಲಿಲ್ಲ.