ಹೂಂ ಅನ್ನಬಾರದ ಕೋಣೆ

"ಎಂಜಲು ಹಿಡಿಯೋಕೂ ಬರಲ್ವೇನೇ ನಿಂಗೆ, ದರಿದ್ರದೋಳೇ? ಯಾವ ಕತ್ತೆ ಕೊಟ್ಟಿತೇ ನಿಂಗೆ ಡಿಗ್ರೀನ?"

ಡಿಗ್ರಿ ಕೊಟ್ಟವರು ಸಾಕ್ಷಾತ್ ಈ ಬಯ್ಯುತ್ತಿದ್ದ ಪ್ರೊಫೆಸರೇ. ಅದು ನೆನಪಾಗಿದ್ದೇ ತಡ, ಅವಳಿಗೆ ಒಳಗಿನಿಂದ ನಗು ಉಕ್ಕಿಕೊಂಡು ಬಂತು. ಕೆನ್ನೆಯನ್ನು ಒಳಗಡೆಯಿಂದ ಕಚ್ಚಿ ಹಿಡಿದು, ನೆಲಕ್ಕೆ ಬಿದ್ದ ಕೊಳವೆಯನ್ನು ಎತ್ತಿಕೊಂಡಳು. ಬಯ್ಯಿಸಿಕೊಳ್ಳುವಾಗಲೇ ನಗು ಬರುವ ಹಾಳು ಖಾಯಿಲೆ ಅವಳಿಗೆ ಸ್ಕೂಲಿನಿಂದಲೂ ಇತ್ತು.

ಆ ಮನೋವಿಜ್ಞಾನದ ಲ್ಯಾಬಿನಲ್ಲಿ ಅವಳು ಸಂಶೋಧನಾ ಸಹಾಯಕಿ. ಹೆಸರು ಕೇಳಿದರೆ ಮನೆಯವರ ಎದೆ ಉಬ್ಬುತ್ತಿತ್ತು. ಕೆಲಸವೇನೆಂದರೆ, ಹೆದರಿದವರ ಬಾಯಲ್ಲಿ ಹತ್ತಿ ಇಟ್ಟು, ಅದು ಒದ್ದೆಯಾದ ಮೇಲೆ ಕೊಳವೆಗೆ ಹಾಕಿ, ಚೀಟಿ ಅಂಟಿಸಿ ಫ್ರೀಜರಿಗೆ ಸೇರಿಸುವುದು. ಮನುಷ್ಯ ಎಷ್ಟು ಹೆದರಿದ್ದಾನೆ ಅನ್ನುವುದು ಎಂಜಲಿನಲ್ಲಿ ಗೊತ್ತಾಗುತ್ತದಂತೆ. ಗೇಟಿನ ಸೆಕ್ಯೂರಿಟಿಯವನು ಅವಳಿಗೆ 'ಎಂಜಲು ಮೇಡಂ' ಎಂದೇ ಹೆಸರಿಟ್ಟಿದ್ದ.

ಹೆದರಿಸುವ ಕೆಲಸವೂ ಅವಳದೇ. ಪ್ರಯೋಗಕ್ಕೆಂದು ದುಡ್ಡು ಕೊಟ್ಟು ಕರೆಸಿದವರನ್ನು ಒಂದು ಕೋಣೆಗೆ ಬಿಡುತ್ತಿದ್ದರು. ಮೇಜಿನ ಹಿಂದೆ ಬಿಳಿ ಕೋಟು ತೊಟ್ಟು ಇವಳೂ, ದಪ್ಪ ಕನ್ನಡಕದಿಂದಾಗಿ 'ಕನ್ನಡಕ' ಎಂದೇ ಕರೆಸಿಕೊಳ್ಳುತ್ತಿದ್ದ ಇವಳ ಜೊತೆಗಾರನೂ ಕೂತಿರುತ್ತಿದ್ದರು. ನೀವು ಯಾವ ಕೆಲಸಕ್ಕೆ ಲಾಯಕ್ಕು, ಯಾಕೆ ಲಾಯಕ್ಕು, ನಿಂತುಕೊಂಡು ಹೇಳಿ ಅನ್ನಬೇಕು. ಅವರು ಹೇಳುತ್ತಿರುವಾಗ ಇವರು ನಗಬಾರದು, ತಲೆಯಾಡಿಸಬಾರದು, ಮುಖ್ಯವಾಗಿ ಹೂಂ ಅನ್ನಬಾರದು. ಹೂಂ ಅನ್ನದವರ ಮುಂದೆ ಮಾತಾಡುವ ಕಷ್ಟ ಶತ್ರುವಿಗೂ ಬೇಡ. ಫೋನಿನಲ್ಲಿ ಒಂದು ಗಳಿಗೆ ಹೂಂ ಕೇಳಿಸದಿದ್ದರೆ "ಇದ್ದೀಯೇನೋ?" ಎಂದು ಕಿರುಚುವ ಜನ ನಾವು. ಆ ಕೋಣೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ಬೆವತು ಹೋಗುತ್ತಿದ್ದರು, ಹೆಂಗಸರು ಸೆರಗು ತಿರುವುತ್ತ ಮಾತು ಮರೆಯುತ್ತಿದ್ದರು.

ಬೇರೆ ಲ್ಯಾಬುಗಳಲ್ಲಿ ಕೊನೆಗೆ ಕೂರಿಸಿಕೊಂಡು, ಇದೆಲ್ಲ ನಾಟಕ, ನಿಮ್ಮ ಮಾತಿನಲ್ಲಿ ಏನೂ ತಪ್ಪಿರಲಿಲ್ಲ ಎಂದು ಹೇಳಿ ಕಳಿಸುತ್ತಾರೆ. ಇಲ್ಲಿ ಪ್ರೊಫೆಸರ್ ಅದನ್ನು ನಿಲ್ಲಿಸಿಬಿಟ್ಟಿದ್ದರು. ಬಂದವರೇ ಇನ್ನೊಮ್ಮೆ ಬರಬೇಕು. ಗುಟ್ಟು ಗೊತ್ತಾದರೆ ಹೆದರುವುದಿಲ್ಲ. "ಪೇಂಟರು, ಡ್ರೈವರು, ಅಡುಗೆಯೋರು ತಾನೇ ಬರೋದು? ಅವಮಾನ ಅವರಿಗೆ ಅಭ್ಯಾಸ ಆಗಿರುತ್ತೆ ಬಿಡಮ್ಮ" ಅನ್ನುತ್ತಿದ್ದರು. ಅವಳು ಬಿಟ್ಟಿದ್ದಳು. ಅವಳಿಗೆ ಕೆಲಸ ಖಾಯಂ ಆಗಬೇಕಿತ್ತು.

ಆ ದಿನವೇ ಅದು ತೀರ್ಮಾನವಾಗುವುದಿತ್ತು. ಲ್ಯಾಬಿಗೆ ಹಣ ಕೊಡುವ ಸಂಸ್ಥೆಯವರು ಬಂದು, ಕೋಣೆಯ ಗೋಡೆಗಿದ್ದ ದೊಡ್ಡ ಕನ್ನಡಿಯ ಹಿಂದೆ ಕೂತಿದ್ದರು. ಆ ಕಡೆಯವರಿಗೆ ಅದು ಗಾಜು, ಈ ಕಡೆಯವರಿಗೆ ಕನ್ನಡಿ.

"ಇವತ್ತು ಚೆನ್ನಾಗಿ ಮಾಡಿದ್ರೆ ಸಂಜೆಗೇ ನಿನ್ನ ಖಾಯಂ ಮಾಡಿಸ್ತೀನಿ. ಹಲ್ಲು ಕಿರಿದ್ಯೋ, ಬೀದಿಗೆ!" ಅಂದರು ಪ್ರೊಫೆಸರ್.

ಗ್ರಹಚಾರ, ಬರಬೇಕಾಗಿದ್ದ ಮನುಷ್ಯ ಬರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತಿದ್ದವರೆಲ್ಲ ಎರಡನೇ ಸಲದವರು. ಅತಿಥಿಗಳಿಗೆ ತೋರಿಸಲು ಹೊಸ ಹೆದರಿಕೆಯೇ ಬೇಕು. ಪ್ರೊಫೆಸರ್ ಕಾರಿಡಾರಿನಲ್ಲಿ ಅತ್ತಿತ್ತ ನೋಡಿದರು. ಕಣ್ಣಿಗೆ ಬಿದ್ದವಳು ನೆಲ ಒರೆಸುವ ಹೆಂಗಸು.

"ಏಯ್, ಇಲ್ಬಾ. ಆ ಬಕೆಟ್ ಅಲ್ಲಿಡು. ಒಳಗೋಗಿ ಒಂದಿಷ್ಟು ಮಾತಾಡು."

"ಯಾರ ಹತ್ರ ಸಾಮಿ?"

"ಯಾರಾದ್ರೇನು? ಹೋಗು ಅಂದ್ರೆ ಹೋಗು!"

ಆ ಹೆಂಗಸು ಎಂಜಲು ಮೇಡಮ್ಮಿನ ಚಿಕ್ಕಮ್ಮ. ತಾಯಿ ಸತ್ತ ಮೇಲೆ ಎತ್ತಿ ಆಡಿಸಿ ಸಾಕಿದವಳು. ಗೇಟಿನಿಂದ ಹಿಡಿದು ಕ್ಯಾಂಟೀನಿನ ತನಕ ಎಲ್ಲರಿಗೂ ಗೊತ್ತಿದ್ದ ವಿಷಯ ಪ್ರೊಫೆಸರಿಗೊಬ್ಬರಿಗೆ ಗೊತ್ತಿರಲಿಲ್ಲ. ನೆಲ ಒರೆಸುವವರಿಗೂ ಅಕ್ಕನ ಮಗಳು ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಬಾಗಿಲು ತೆರೆದು ಚಿಕ್ಕಮ್ಮ ಒಳಗೆ ಬಂದಳು. ಸಾಕುಮಗಳನ್ನು ನೋಡಿ ಮುಖ ಅರಳಿತು. ಮಗಳು ಎದುರಿನ ಗೋಡೆ ನೋಡುತ್ತ, ಕಲಿಸಿದ್ದನ್ನು ಒಪ್ಪಿಸಿದಳು. "ನೀವು ಯಾವ ಕೆಲಸಕ್ಕೆ ಯೋಗ್ಯರು? ಯಾಕೆ? ಹೇಳಿ."

"ನಾನಾ?" ಚಿಕ್ಕಮ್ಮ ನಕ್ಕಳು. "ಮೇಸ್ತ್ರಿ ಕೆಲ್ಸಕ್ಕೆ. ನಮ್ ಮೇಸ್ತ್ರಿ ಇದ್ದಾನಲ್ಲ, ಬೋಳಿಮಗ, ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿ ಮೇಲೆ ನಿದ್ದೆ ಹೊಡೀತಾನೆ. ನಿದ್ದೆ ಹೊಡೆಯೋಕೆ ನಂಗೂ ಬರುತ್ತೆ. ಅವನು ಗೊರಕೆ ಹೊಡೀತಾನೆ, ನಾನು ಹೊಡೆಯಲ್ಲ. ಅದಕ್ಕೇ ಅವನಿಗಿಂತ ನಾನೇ ವಾಸಿ."

ಮಗಳ ಹೊಟ್ಟೆಯೊಳಗೆ ನಗು ಗುಳುಗುಳು ಅಂದಿತು. ಮೇಜಿನಡಿ ತೊಡೆ ಚಿವುಟಿಕೊಂಡಳು. ಖಾಯಂ, ಖಾಯಂ, ಖಾಯಂ ಎಂದು ಮನಸ್ಸಿನಲ್ಲೇ ಜಪಿಸಿದಳು.

"ಹೂಂ ಅನ್ರಪ್ಪಾ" ಅಂದಳು ಚಿಕ್ಕಮ್ಮ.

"ಮುಂದುವರಿಸಿ" ಅಂದಿತು ಕನ್ನಡಕ.

"ನೀವು ಕೇಳ್ತಾ ಇದ್ದೀರೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು? ಮಗಾ, ಹಿಂಗ್ಯಾಕೇ ಕೂತಿದ್ದೀಯ? ಬೆಳಿಗ್ಗೆ ಕಕ್ಕಸಿಗೆ ಹೋಗಿಲ್ವೇನೇ?"

ಕನ್ನಡಕದ ಮೂಗಿನಿಂದ ಪಿಸಕ್ಕೆಂದು ಏನೋ ಹೊರಟಿತು. ಅವನು ಅದನ್ನು ಕೆಮ್ಮಾಗಿ ಮಾರ್ಪಡಿಸಿದ. ಮಗಳು ಉಸಿರು ಬಿಗಿಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ಮಾತು ಬಂದರೆ ತಾನು ಕುರ್ಚಿಸಮೇತ ಉರುಳಿ ಬೀಳುವುದು ಖಂಡಿತ ಅನ್ನಿಸಿತು ಅವಳಿಗೆ.

ಚಿಕ್ಕಮ್ಮ ಮಾತು ನಿಲ್ಲಿಸಿದಳು. ಇವರಿಬ್ಬರ ಮುಖ ನೋಡಿದಳು, ಕನ್ನಡಿಯಲ್ಲಿ ತನ್ನನ್ನೂ ನೋಡಿಕೊಂಡಳು. ಕೈ ಮೂಸಿಕೊಂಡಳು.

"ಫಿನಾಯಿಲ್ ವಾಸನೆ ಬರ್ತಿದ್ಯಾ?"

ಚಿಕ್ಕಮ್ಮ ಹಿಂದೆ ಸರಿದು ಗೋಡೆಗೆ ಅಂಟಿಕೊಂಡು ನಿಂತಳು. "ಇಷ್ಟು ದೂರ ಸಾಕಾ? ತಪ್ಪಾಯ್ತು ಸಾಮಿ. ನಂಗೆ ಮಾತಾಡೋಕೆ ಬರಲ್ಲ. ನಾನು ನೆಲ ಒರೆಸೋಳು." ಸಾಕಿದ ಮಗಳ ಎದುರಿಗೆ ಸಾಮಿ ಅಂದಳು. ಮಗಳು ಗೋಡೆಯಿಂದ ಕಣ್ಣು ಕಿತ್ತು ಅವಳನ್ನು ನೋಡಿದಳು. ಥತ್, ಈ ಮುಖ ಹೊತ್ತುಕೊಂಡು ಸಂಜೆ ಮನೆಗೆ ಹೋಗಿ ಇವಳು ಬಡಿಸಿದ ಊಟವನ್ನು ಹೇಗೆ ಉಣ್ಣುವುದು?

"ಹೂಂ" ಅಂದಳು ಮಗಳು.

"ಏನಂದೆ ಮಗಾ?"

"ಹೂಂ ಅಂದೆ ಚಿಕ್ಕಿ. ಗೊರಕೆ ಹೊಡೀತಾನೆ, ಆಮೇಲೆ?"

ಚಿಕ್ಕಮ್ಮನಿಗೆ ಜೀವ ಬಂತು. "ಆಮೇಲೇನು, ಹಿಂಗೆ!" ಎಂದು ಬಾಯಿ ಸೊಟ್ಟ ಮಾಡಿ ಮೇಸ್ತ್ರಿಯ ಗೊರಕೆ ಹೊಡೆದು ತೋರಿಸಿದಳು. ಕನ್ನಡಕವೂ ಹೂಂ ಅಂದು, ಮೇಜಿಗೆ ಹಣೆ ಚಚ್ಚಿಕೊಂಡು ನಗತೊಡಗಿತು. ಮೂವರೂ ಬಿದ್ದು ಬಿದ್ದು ನಕ್ಕರು.

ಬಾಗಿಲು ದಡಾರೆಂದು ತೆರೆದು ಪ್ರೊಫೆಸರ್ ನುಗ್ಗಿದರು. "ಮುಚ್ಚೇ ಬಾಯಿ! ಎಲ್ಲಾ ಹಾಳು ಮಾಡ್ಬಿಟ್ಟಲ್ಲೇ ಮುಂಡೇದೇ! ಖಾಯಂ ಅಂತೆ ಖಾಯಂ! ಈಗಿಂದೀಗ್ಲೇ ಆಚೆ ನಡಿ. ಆ ಕಸದೋಳನ್ನೂ ಎಳ್ಕೊಂಡು ಹೋಗು!"

"ಕಸದೋಳಲ್ಲ ಸಾರ್, ನಮ್ ಚಿಕ್ಕಮ್ಮ."

ಪ್ರೊಫೆಸರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಕನ್ನಡಿಯ ಕಡೆ ತಿರುಗಿ, "ಒಂದೇ ನಿಮಿಷ ಸಾರ್, ತಪ್ಪು ತಿಳ್ಕೋಬೇಡಿ ಸಾರ್" ಎಂದು ಕೈಮುಗಿಯುತ್ತಿದ್ದರು. ಕನ್ನಡಿಯೊಳಗಿನ ಪ್ರೊಫೆಸರೂ ಅವರಿಗೆ ಅಷ್ಟೇ ಭಕ್ತಿಯಿಂದ ಕೈಮುಗಿದರು. ಅವಳ ಕೆಲಸ ಹೋಗಿತ್ತು. ಆದರೂ ನಗು ನಿಲ್ಲಲೊಲ್ಲದು.

ಹೊರಗೆ ಬಂದಳು. ಕೋಟು ಬಿಚ್ಚಲಿಲ್ಲ, ಬೆಂಚಿನ ಮೇಲಿದ್ದವರು ನಂಬುತ್ತಿದ್ದುದು ಕೋಟನ್ನೇ.

"ಕೇಳ್ರಪ್ಪಾ, ಕೇಳ್ರಮ್ಮಾ! ಒಳಗೆ ನಾವು ಮುಖ ಗಂಟಿಕ್ಕೊಂಡು ಕೂರೋದು ನಾಟಕ! ನೀವು ಏನೇ ಹೇಳಿದ್ರೂ ಹಂಗೇ ಕೂರು ಅಂತ ನಮಗೆ ಹೇಳ್ಕೊಟ್ಟಿದ್ದಾರೆ. ನಿಮ್ ಮಾತಲ್ಲಿ ಏನೂ ತಪ್ಪಿರ್ಲಿಲ್ಲ!"

"ಥೂ, ನಿಮ್ ಮನೆ ಹಾಳಾಗ!" ಅಡುಗೆ ಕೆಲಸದ ಹೆಂಗಸೊಬ್ಬಳು ಹಣೆ ಚಚ್ಚಿಕೊಂಡಳು. "ಅವತ್ತಿಂದ ಗಂಡನ ಹತ್ರಾನೂ ನೆಟ್ಟಗೆ ಬಾಯಿ ಬಿಟ್ಟಿಲ್ವಲ್ಲೇ ನಾನು! ಅವನು ಹಾಯಾಗಿದ್ದಾನೆ!" ಬೆಂಚಿಗೆ ಬೆಂಚೇ ಗೊಳ್ಳೆಂದಿತು. ಬಯ್ಯುತ್ತಲೇ ಎಲ್ಲರೂ ನಗುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಪೇಂಟರ್ ಮಾತ್ರ ನಗಲಿಲ್ಲ. "ಹಂಗಾದ್ರೆ, ಮೇಡಂ, ನಾನು ಹೇಳಿದ್ದು ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು ಅಣ್ಣ."

"ಹೋದ ತಿಂಗಳು ಹೆಡ್ ಪೇಂಟರ್ ಆಗು ಅಂದ್ರು. ನಂಗೆ ನಾಲ್ಕು ಜನರ ಮುಂದೆ ಮಾತು ಬರಲ್ಲ, ಬೇಡ ಅಂದ್ಬಿಟ್ಟೆ. ಬೇರೆಯವನನ್ನ ಮಾಡಿದ್ರು."

ಅವಳ ನಗು ನಿಂತಿತು.

ಪೇಂಟರ್ ಎದ್ದ. ಬಣ್ಣ ಮೆತ್ತಿದ ಪ್ಯಾಂಟು ಕೊಡವಿಕೊಂಡು ನೆಟ್ಟಗೆ ಕೋಣೆಗೆ ನಡೆದ. ಬೆಂಚಿನವರು ಒಬ್ಬೊಬ್ಬರಾಗಿ ಅವನ ಹಿಂದೆ ಹೊರಟರು, ಅವಳೂ ಹೋದಳು. ಪ್ರೊಫೆಸರ್ ಇನ್ನೂ ಕನ್ನಡಿಗೆ ಸಮಜಾಯಿಷಿ ಕೊಡುತ್ತಲೇ ಇದ್ದರು. ಪೇಂಟರ್ ಅವಳ ಕುರ್ಚಿ ಎಳೆದುಕೊಂಡು ಕೂತ. ಅಡುಗೆಯವಳು ಕನ್ನಡಕವನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತಳು. ಉಳಿದವರು ಗೋಡೆಗುಂಟ ನಿಂತರು.

"ಯಾರ್ರೀ ನೀವು? ಏನ್ ನಡೀತಿದೆ ಇಲ್ಲಿ? ಆಚೆ ಹೋಗ್ರಿ!"

"ಹೋಗ್ತೀವಿ" ಅಂದ ಪೇಂಟರ್. "ನಮಗೆ ಯಾಕೆ ಹಿಂಗೆ ಮಾಡಿದ್ರಿ, ಅದೊಂದು ನಿಂತ್ಕೊಂಡು ಹೇಳ್ಬಿಡಿ ಸಾರ್. ಕೇಳ್ಕೊಂಡು ಹೋಗ್ತೀವಿ."

ಕನ್ನಡಿಯ ಆ ಕಡೆಯಿಂದ ಅತಿಥಿಗಳಲ್ಲೊಬ್ಬರು, ಹೇಳಿ ಅನ್ನುವ ಹಾಗೆ, ಬೆರಳಿನಿಂದ ಟಕಟಕ ಬಡಿದರು. ಪ್ರೊಫೆಸರ್ ಬಾಗಿಲ ಕಡೆ ನೋಡಿದರು. ಅಲ್ಲೇ ನಿಂತಿದ್ದ ಚಿಕ್ಕಮ್ಮ ಒಳಗಿನಿಂದ ಚಿಲಕ ಹಾಕಿದಳು.