ಮೂವತ್ತೊಂದು ಇದ್ದದ್ದು ಮೂವತ್ತು

ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದೆ, ಹಿಂದೆ ಎರಡು ಟ್ರೇಲರು, ಹಾಡು ಎಷ್ಟು ಜೋರೆಂದರೆ ಅಂಗಳದ ಚರಿಗೆಯೊಳಗಿನ ನೀರು ನಡುಗುತ್ತಿದೆ, ಆ ನಡುಗುವ ನೀರನ್ನೇ ನೋಡುತ್ತ ಫೋನು ಕಿವಿಗೆ ಒತ್ತಿಕೊಂಡಿದ್ದೇನೆ, ಏನ್ರೀ ಕಾಂಚನಾ ಮೇಡಮ್ಮಾರ, ರಜಾದಾಗೂ ಬಿಡವಲ್ಲ ಅಂತ ಬೈಬ್ಯಾಡ್ರಿ, ನೀಲಕಂಠನ ದನಿ, ರಬಕವಿಯ ನೇಕಾರರ ಹುಡುಗ, ಒಂದೇ ಪರೀಕ್ಷೆ ಬರೆದು ಒಂದೇ ಡಿಪೋಗೆ ಬಂದವರು ನಾವು, ಇಲ್ಲಿಂದ ಎರಡು ಸಾವಿರ ಕಿಲೋಮೀಟರ್ ಆಚೆ ಎದುರುಬದುರು ಮೇಜು, ಸಮವಸ್ತ್ರವಿಲ್ಲದ ಮಿಲಿಟರಿ ನೌಕರರು, ಹಿಮದ ಮೇಲಿನ ಯಾವ ಠಾಣೆಗೆ ಎಷ್ಟು ಹಿಟ್ಟು, ಎಷ್ಟು ಸೀಮೆಎಣ್ಣೆ ಏರಬೇಕೆಂದು ಕೂತಲ್ಲೇ ಗುಣಿಸುವವರು — ಆ ಹದಿನೇಳನೇ ಪೋಸ್ಟಿನ ಶೀಟ್ ಲಾಕ್ ಮಾಡಿಟ್ಟೀರಿ, ಪಾಸ್‌ವರ್ಡ್ ಹೇಳ್ರಿ, ಮಂದಿ ಲೆಕ್ಕ ಮೂವತ್ತೊಂದು ಇದ್ದದ್ದ ಮೂವತ್ತ ಮಾಡೂದೈತಿ, ಮತ್ತು ನಾನು ಹೇಳಿಬಿಟ್ಟೆ, ಅಕ್ಷರ ಬಿಡಿಸಿ ಬಿಡಿಸಿ, ಆತ್ರಿ, ತೆಗೀತ್ರಿ, ಅವ್ವಾರಿಗೆ ಶರಣು ಹೇಳ್ರಿ, ಫೋನು ಕಟ್ಟಾಯಿತು, ಟ್ರ್ಯಾಕ್ಟರ್ ಹರಿಜನಕೇರಿಯ ತಿರುವು ದಾಟಿತು, ನೀರು ನಿಂತಿತು, ಆಮೇಲೆ ನನಗೆ ಕೇಳಿಸಿತು. ಮೂವತ್ತು.

ಯಾರದಬೇ ಫೋನು, ಅವ್ವ, ಒಲೆಯ ಮುಂದಿನಿಂದ, ಶೇಂಗಾ ಹೋಳಿಗೆಯ ಹಂಚು ಹೊಗೆಯಾಡುತ್ತಿದೆ, ಆಫೀಸಿಂದವ್ವಾ, ಅಮಸಿದ್ದಂದೇನರ ಸುದ್ದಿ ಐತೇನ, ಇಲ್ಲ — ಇಲ್ಲ ಎಂದದ್ದು ಖರೆ, ಸುದ್ದಿ ಇಲ್ಲ, ಒಂದು ಅಂಕಿ ಇದೆ, ಅಷ್ಟೇ, ಸಿಪಾಯಿಯಾದ ತಮ್ಮ ಅಮಸಿದ್ದ ಆ ಹದಿನೇಳರಲ್ಲಿದ್ದಾನೆ ಎಂದು ನನಗೆ ಯಾರೂ ಹೇಳಿಲ್ಲ, ಹೇಳುವಂತಿಲ್ಲ, ಅವನೂ ಹೇಳಲಿಲ್ಲ, ದೀಪಾವಳಿಯ ಹೊತ್ತಿಗೆ ಫೋನಿನಲ್ಲಿ ನಕ್ಕ, ಅಕ್ಕಾ, ಈ ಸಲ ಉಪ್ಪಿನಕಾಯಿ ಬದಲಿ ಜಾಮ್ ಬಂದೈತಿ, ಇಪ್ಪತ್ನಾಕ ಡಬ್ಬಿ, ದಾಲ್ ಜೋಡಿನೂ ಜಾಮ ನೆಕ್ಕಾಕತ್ತೇವಿ, ಯಾವ ಹುಚ್ಚಿ ಕಳಿಸ್ಯಾಳೋ ಏನೋ — ಆ ಹುಚ್ಚಿ ನಾನು, ಉಪ್ಪಿನಕಾಯಿ ಸಾಲದೆ ಹೋದಾಗ ಒಂದೇ ಒಂದು ಠಾಣೆಗೆ ಜಾಮ್ ಹಾಕಿದ್ದೆ, ಹದಿನೇಳಕ್ಕೆ, ಹೀಗೆ ಗೊತ್ತಾಯಿತು ತಮ್ಮ ಎಲ್ಲಿದ್ದಾನೆಂದು, ಯಾರ ಮುಂದೂ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಆ ಶೀಟು ನನ್ನ ಕೈ ತಪ್ಪುತ್ತಿತ್ತು, ಅಂದಿನಿಂದ ಹದಿನೇಳರ ಸೀಮೆಎಣ್ಣೆ ಹತ್ತೊಂಬತ್ತೂವರೆ ಕ್ಯಾನ್ ಎಂದು ಬಂದರೆ ಇಪ್ಪತ್ತು ಮಾಡುತ್ತೇನೆ, ಅರ್ಧ ಕ್ಯಾನು, ಅಕ್ಕನಿಂದ ತಮ್ಮನಿಗೆ ಅಷ್ಟೇ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ. ರಜೆಯ ಮೇಲೆ ಯಾರೋ ಇಳಿದಿರಬೇಕು, ಜ್ವರ ಬಂದು ಆಸ್ಪತ್ರೆಗೆ ಇಳಿಸಿರಬೇಕು, ಇಳಿಸಿರಬೇಕು ಇಳಿಸಿರಬೇಕು, ಯಾವುದರಲ್ಲಿ, ದಾರಿ ನವೆಂಬರಿನಲ್ಲೇ ಮುಚ್ಚಿದೆ, ಹೆಲಿಕಾಪ್ಟರ್ ಒಂಬತ್ತು ದಿನದಿಂದ ಹಾರಿಲ್ಲ, ಹಿಮಗಾಳಿ, ನಿನ್ನೆ ಸಂಜೆ ನೀಲಕಂಠನೇ ಬರೆದಿದ್ದ, ಲೋಡ್ ಕಟ್ಟಿ ಇಟ್ಟೇವ್ರಿ, ಹಾರವಲ್ದು — ಯಾರೂ ಇಳಿಯದೆ ಮೂವತ್ತೊಂದು ಮೂವತ್ತಾಗುವುದು ಹೇಗೆ.

ಅವ್ವ ಬೈಯುತ್ತಿದ್ದಾಳೆ, ಬೈಗುಳದಲ್ಲೇ ಅವಳ ಅಕ್ಕರೆ, ಊರ ಮಂದಿಗೆಲ್ಲ ಹೇಳೇನಿ ನನ್ನ ಮಗಳ ಮಿಲಿಟ್ರಿಗೆ ಸಾಮಾನ ಕಳಸಾಕಿ ಅಂತ, ಹತ್ತ ಹೋಳಗಿ ಕಳಸಾಕ ಆಗೂದಿಲ್ಲಂದ್ರ ಏನ ಸುಡಗಾಡ ನೌಕರಿಬೇ ನಿಂದು, ಹಿಟ್ಟಿನ ಚೀಲದಾಗ ತುರುಕು, ಯಾರ ನೋಡ್ತಾರ, ಅವ್ವಾ ಅಲ್ಲಿ ಕಿಲೋ ಕಿಲೋ ತೂಗಿ ಏರಸ್ತಾರ, ಹೌದೇಳು, ನಿಮ್ಮಪ್ಪ ಎರಡ ಮರಿ ಹೆಗಲಿಗೆ ಹಾಕ್ಕೊಂಡ ಹೊಳಿ ದಾಟಿ ಅನಗವಾಡಿತನಕ ಹೋಗತಿದ್ದ, ನಿಮ್ಮ ವಿಮಾನಕ್ಕ ಹತ್ತ ಹೋಳಗಿ ಭಾರ ಆತೇನ. ಅಪ್ಪ ಬೇವಿನ ಬುಡದಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದಾನೆ, ಜಮಖಂಡಿಯಲ್ಲಿ ಕಣ್ಣಿನ ಆಪರೇಷನ್ ಆಗಿ ನಾಲ್ಕು ದಿನ, ಅದಕ್ಕೇ ನನ್ನ ರಜೆ, ಕಾಕಾ ಕುರಿ ಹೊಡೆದುಕೊಂಡು ಚಿಮ್ಮಡದ ಹೊಲಗಳ ಕಡೆಗೆ ಹೊರಟಿದ್ದಾನೆ, ಅಪ್ಪ ಕಿವಿ ಕೊಟ್ಟು ಕೂತವನು ಒಮ್ಮೆಲೇ ಕೂಗುತ್ತಾನೆ, ಲೇ ತಮ್ಮಾ, ಬೋಳಿ ಕುರಿ ದನಿ ಕೇಳವಲ್ದು, ಬೋಳಿ ಎಲ್ಲಿ, ಕಾಕಾ ನಗುತ್ತಾನೆ, ಐತಿ ಬಿಡೋ ಯಣ್ಣಾ, ಬಾಯಾಗ ಮೇವು ಐತಿ, ಒದರೂದ ಹೆಂಗ. ಅಪ್ಪ ಎಂದೂ ಕುರಿ ಎಣಿಸಿದವನಲ್ಲ, ಹಿಂಡು ಒಳಬರುವಾಗ ಸುಮ್ಮನೆ ನಿಂತು ನೋಡಿ ಇಂಥದ್ದು ಬಂದಿಲ್ಲ ಎನ್ನುವವನು, ಶಾಲೆಯಲ್ಲಿ ನೂರರವರೆಗೆ ಕಲಿತ ಹುಮ್ಮಸ್ಸಿನಲ್ಲಿ ನಾನು ಬೆರಳು ಚಾಚಿ ಒಂದು ಎರಡು ಅಂದಾಗ ಬೆನ್ನಿಗೆ ಗುದ್ದಿದ್ದ, ಎಣಿಸಬ್ಯಾಡ, ಎಣಿಸಿದರ ಕಡಿಮಿ ಆಕ್ಕಾವ, ನಾನೀಗ ಎಣಿಸಿಯೇ ಸಂಬಳ ತಿನ್ನುತ್ತೇನೆ, ನನ್ನ ಶೀಟಿನಲ್ಲಿ ಯಾರಿಗೂ ದನಿ ಇಲ್ಲ, ಒಂದು ಚೌಕದಲ್ಲಿ ಮಂದಿಯ ಅಂಕಿ ಬದಲಿಸಿದರೆ ಕೆಳಗಿನ ಎಂಬತ್ತು ಚೌಕಗಳಲ್ಲಿ ಹಿಟ್ಟು, ಬೇಳೆ, ಸಕ್ಕರೆ ತಾವಾಗಿಯೇ ಇಳಿಯುತ್ತವೆ, ಆ ಸೂತ್ರ ಬರೆದವಳೂ ನಾನೇ.

ಹಟ್ಟಿಯ ಹಿಂದೆ ಬಂದೆ, ಇಲ್ಲಿ ಎರಡು ಕಡ್ಡಿ ನೆಟ್‌ವರ್ಕು, ಈಗ ನಾನೇ ಫೋನು ಹಚ್ಚಿದೆ, ನೀಲಕಂಠ, ಆ ಹದಿನೇಳರದು ಯಾಕ ಕಡಿಮಿ ಆತು, ಯಾಕಂದ್ರ ಏನ್ರಿ, ಅಲ್ಲೋ, ಕಾರಣ ಏನರ ಬರದಿರಬೇಕಲ್ಲ, ಕಾರಣದ ಕಾಲಮ್ಮು ನೀವ ತೆಗಿಸೀರೆಲ್ರೀ ಹೋದ ಮಾರ್ಚಿನ್ಯಾಗ, ಹಿಟ್ಟು ತೂಗಾಕ ಕಾರಣ ಯಾಕ ಬೇಕ ಅಂದ್ರಿ, ಹೌದು, ಅಂದಿದ್ದೆ, ಮೀಟಿಂಗಿನಲ್ಲಿ ಎದ್ದು ನಿಂತು ಅಂದಿದ್ದೆ, ಶೀಟು ಹಗುರಾಯಿತು, ಸಾಹೇಬರು ಚಪ್ಪಾಳೆ ತಟ್ಟಿಸಿದರು, ಮ್ಯಾಲಿನವರನ್ನ ಕೇಳ್ಲೇನ್ರಿ, ಬ್ಯಾಡ, ಯಾಕ್ರೀ ದನಿ ಒಂಥರಾ ಆಗೇತಿ, ನೆಗಡಿ, ಬ್ಯಾಡ ಎಂದೆ, ಯಾಕೆ ಬೇಡ ಎಂದೆ, ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆ ಎಂದಲ್ಲವೇ, ಹೇಳದಿದ್ದರೆ ಮೂವತ್ತು ಮಂದಿಯಲ್ಲಿ ಅಮಸಿದ್ದ ಇರಬಹುದು, ಮೂವತ್ತೊಂದರಲ್ಲಿ ಮೂವತ್ತು ಪಾಲು ಅವನು ಕೂತಿದ್ದಾನೆ, ಸ್ಟೋವಿನ ಪಕ್ಕ, ಜಾಮ್ ನೆಕ್ಕುತ್ತ, ನನ್ನ ಅರ್ಧ ಕ್ಯಾನು ಉರಿಯುತ್ತಿದೆ — ಫೋನು ಕೈಯಲ್ಲೇ ಮತ್ತೆ ಗುಂಯ್‌ಗುಟ್ಟಿತು, ಮೇಡಂ, ಒಂದ ಕೇಳೂದ ಮರತೆ, ಹದಿನೇಳರ ಬೂಟಿನ ಪೆಟಿಗಿ ಮೊಳಿ ಹೊಡದ ಇಟ್ಟೀರಿ, ಈಗ ಒಂದ ಜೋಡಿ ತೆಗೀರಿ ಅಂತ ಬಂದೈತಿ, ಹನ್ನೊಂದು ನಂಬರಿಂದು, ಯಾವ ಪೆಟಿಗ್ಯಾಗ ಐತ್ರಿ.

ಹನ್ನೊಂದು. ಬನಹಟ್ಟಿಯ ಅಂಗಡಿ, ಮಿಲಿಟರಿ ಭರ್ತಿಗೆ ಹೋಗುವ ಹಿಂದಿನ ದಿನ ಓಡಲು ಬೂಟು ಬೇಕೆಂದು ತಮ್ಮನನ್ನು ಕರೆದುಕೊಂಡು ಹೋಗಿದ್ದೆ, ಎಂಟು ಬೇಡ ಒಂಬತ್ತು ಬೇಡ ಹತ್ತೂ ಹಿಡಿಯಲಿಲ್ಲ, ಕುರಿ ಹಿಂದೆ ಬರಿಗಾಲಲ್ಲಿ ಅಲೆದು ಹರಡಿದ ಕಾಲು, ಅಂಗಡಿಯವನು ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬಿ ಇಳಿಸಿ, ಇದು ಕಾಲೇನೋ ದೋಸ್ತಾ, ಹೊಲಾ ಹರಗೂ ಕುಂಟಿಯ ಹಲಗಿಯೋ, ಅಮಸಿದ್ದನೇ ಮೊದಲು ನಕ್ಕದ್ದು. ಹಿಟ್ಟು ಯಾರದ್ದೆಂದು ಹೇಳುವುದಿಲ್ಲ, ಸೀಮೆಎಣ್ಣೆ ಹೇಳುವುದಿಲ್ಲ, ಬೂಟು ಹೇಳುತ್ತದೆ, ನನ್ನದೇ ಪಟ್ಟಿ ಕಣ್ಣ ಮುಂದಿದೆ, ಏಳು ನಂಬರಿನದು ನಾಲ್ಕು ಜೋಡಿ, ಎಂಟರದು ಹನ್ನೊಂದು, ಒಂಬತ್ತರದು ಒಂಬತ್ತು, ಹತ್ತರದು ಐದು, ಹನ್ನೊಂದರದು — ಎರಡು. ಎರಡು, ಇಬ್ಬರಿದ್ದಾರೆ, ಇನ್ನೊಬ್ಬನಿದ್ದಾನೆ, ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅವನಾಗಿರಲಿ, ದೇವರೇ ಬೀರಪ್ಪಾ ಅವನೇ ಆಗಿರಲಿ, ಅಂದುಬಿಟ್ಟೆ, ಮನಸ್ಸಿನೊಳಗೆ ಸ್ಪಷ್ಟವಾಗಿ ಪೂರ್ತಿ ವಾಕ್ಯ ಅಂದೆ, ಅವನಿಗೂ ಒಬ್ಬ ಅವ್ವ ಇದ್ದಾಳು, ಇರಲಿ, ಆದರೂ ಅವನೇ ಆಗಿರಲಿ. ಹಲೋ, ಹಲೋ ಮೇಡಂ. ನಾಕನೇ ಪೆಟಿಗಿ, ಕೆಳಗಿನ ಸಾಲು, ಬಲಕ್ಕ. ಎರಡ ಜೋಡಿ ಇರ್ತಾವ್ರಿ, ಯಾವುದ ತೆಗೀಲಿ. ಯಾವುದರ ತೆಗಿ. ನನ್ನ ದನಿಯೇ, ಆಫೀಸಿನ ದನಿ, ನಡುಗಲೂ ಇಲ್ಲ, ಫೋನಿನಾಚೆ ಮೊಳೆ ಕೀಳುವ ಕರ್ ಎನ್ನುವ ಸದ್ದು, ಹಲಗೆ ಎದ್ದಿತು, ಅವನು ಎತ್ತಿದ, ಸಿಮೆಂಟು ನೆಲದ ಮೇಲೆ ಇಟ್ಟ, ಒಂದು ಜೋಡಿ, ಲೇಸಿಗೆ ಲೇಸು ಗಂಟು, ತುದಿಯೊಳಗೆ ಮುದುಡಿ ತುರುಕಿದ ಕಾಗದ, ಇನ್ನೂ ಯಾರ ಕಾಲೂ ಹೊಗದ ಬೂಟು — ಕಾಂಚನಾ, ಹತ್ತ ಕಟ್ಟಲೋ ಇಪ್ಪತ್ತ ಕಟ್ಟಲೋ, ಹೇಳಬೇ — ಸಿಮೆಂಟು ನೆಲ, ಒಂದು ಜೋಡಿ, ಲೇಸಿಗೆ ಲೇಸು ಗಂಟು — ಎಲ್ಲಿ ಸತ್ತೀಬೇ, ಕೈಯಾನ ಹಿಟ್ಟು ಆರಾಕತ್ತೇತಿ, ಅವಗೆಷ್ಟ ಬೇಕಂತ ಹೇಳಬಾರದ — ತುದಿಯೊಳಗೆ ಕಾಗದ, ಒಂದು ಜೋಡಿ, ನೆಲದ ಮೇಲೆ, ಲೇಸಿಗೆ ಲೇಸು