ಬೇರಿನ ಮಾತು

ನಿಘಂಟು ಬರೆಯುತ್ತಿದ್ದ ಮುದುಕರು ಆಸ್ಪತ್ರೆಯಲ್ಲಿ ಬೆಳಗಿನ ಜಾವ ತೀರಿಕೊಂಡರು. ಪಕ್ಕದಲ್ಲಿದ್ದವಳು ಪುಟ್ಟಕ್ಕ ಒಬ್ಬಳೇ. ಮುದ್ರಣಾಲಯದಲ್ಲಿ ಕರಡು ತಿದ್ದುವ ಅವಳ ತಲೆ ಅರ್ಧ ನರೆತಿದ್ದರೂ ಚಿಕ್ಕಂದಿನ ಆ ಹೆಸರು ಮಾತ್ರ ಬಿಟ್ಟಿರಲಿಲ್ಲ.

ಶವಾಗಾರದ ಗುಮಾಸ್ತ ತಲೆ ಎತ್ತದೆ ಕೇಳಿದ, "ವಾರಸುದಾರರು ಯಾರು?"

"ನಾನು."

"ಏನಾಗ್ಬೇಕು ಅವರಿಗೆ?"

"ಅವರು ನನ್ನ ಸಾಕಿದವರು."

"ಸಾಕಿದ್ದು ಸರಿಯಮ್ಮ. ರಕ್ತಸಂಬಂಧ? ದತ್ತು ತಗೊಂಡ ಕಾಗದ?" ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವನು ಕೆಟ್ಟವನೇನಲ್ಲ; ದನಿ ತಗ್ಗಿಸಿದ. "ಯಾರೂ ಬರದಿದ್ರೆ ಬೇವಾರಸು ಅಂತ ಬರೀಬೇಕಾಗುತ್ತೆ. ಆಮೇಲೆ ನಮ್ಮ ಕೈಯಲ್ಲೂ ಇರಲ್ಲ."

ಆ ಮಾತು ಅವಳಿಗೆ ಹೊಸದಲ್ಲ. ಶಾಲೆಯಲ್ಲಿ "ಬೇವಾರ್ಸಿ" ಅನ್ನಿಸಿಕೊಂಡು ಅಳುತ್ತಾ ಬಂದ ದಿನ ಮುದುಕರು ಬೈದವರ ಮೇಲೆ ಜಗಳಕ್ಕೇನೂ ಹೋಗಲಿಲ್ಲ. ಮೇಜಿನ ಮೇಲೆ ಕೂರಿಸಿಕೊಂಡು, "ಅದಕ್ಕೆ ಅರಬ್ಬಿಯ ಮೂರಕ್ಷರದ ಬೇರು ಕಣೆ," ಅಂದಿದ್ದರು. "ಅದರಿಂದಲೇ ವಾರಸು, ಅದರಿಂದಲೇ ಮಿರಾಸಿ, ಅಂದರೆ ಹಿರಿಯರಿಂದ ಬಂದ ಆಸ್ತಿ. ಮುಂದೆ 'ಇಲ್ಲ' ಅನ್ನೋ 'ಬೇ' ಅಂಟಿಸಿದರೆ ಬೈಗುಳ. ಅಲ್ಲಿನವರು ದೇವರನ್ನೂ ಅದೇ ಬೇರಿನಿಂದ ಕರೀತಾರೆ: ಎಲ್ಲರೂ ಹೋದ ಮೇಲೆ ಉಳಿಯುವವನು ಅಂತ." ಅರ್ಥವಾದದ್ದು ಅಷ್ಟಕ್ಕಷ್ಟೇ, ಆದರೆ ಅಳು ನಿಂತಿತ್ತು.

ಮುದುಕರಿಗೆ ಉಳಿದಿದ್ದ ರಕ್ತಸಂಬಂಧವೆಂದರೆ ತಮ್ಮನ ಮಗ. ಊರಿನ ಆಚೆ ತುದಿಯಲ್ಲಿ ಲೇತು ನಡೆಸುತ್ತಿದ್ದ. ದೊಡ್ಡಪ್ಪನ ಮನೆ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಪುಟ್ಟಕ್ಕ ಅಲ್ಲಿಗೇ ಹೋದಳು. ಕಬ್ಬಿಣದ ಸುರುಳಿಗಳು ನೆಲಕ್ಕೆ ಉದುರುತ್ತಿದ್ದವು. ವಿಷಯ ಕೇಳಿಯೂ ಅವನು ಯಂತ್ರ ನಿಲ್ಲಿಸಲಿಲ್ಲ.

"ನಮ್ಮಪ್ಪ ಕಾಯಿಲೆ ಬಿದ್ದಾಗ ಒಂದು ಕೋಣೆ ಕೇಳ್ದ. ಮಿರಾಸಿ ಮನೆ, ಪಾಲು ಅವನಿಗೂ ಇತ್ತು. ನಿಮ್ಮ ಪಂಡಿತರು ಏನಂದ್ರು ಗೊತ್ತಾ? ಪುಸ್ತಕ ಇಡೋಕೆ ಜಾಗ ಇಲ್ಲ ಅಂತ!" ಅವನ ಕುತ್ತಿಗೆಯ ನರ ಉಬ್ಬಿತು. "ಬೀದೀಲಿ ಸಿಕ್ಕಿದ ಬೇವಾರ್ಸಿಗೆ ಅನ್ನ ಹಾಕ್ದ, ಒಡಹುಟ್ಟಿದವನಿಗೆ ಬಾಗಿಲು ಹಾಕ್ದ."

ಪುಟ್ಟಕ್ಕನಿಗೆ ತಾಕಿದ್ದು ಬೈಗುಳವಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕೆಮ್ಮುತ್ತಾ ಬಂದು ಹೊಸ್ತಿಲಲ್ಲೇ ನಿಂತಿದ್ದ ಒಬ್ಬ ಬಡಕಲು ಮನುಷ್ಯ ನೆನಪಾದ. ಮುದುಕರು ಬರೆಯುವುದರಿಂದ ತಲೆ ಎತ್ತಿರಲಿಲ್ಲ. ಆತ ಹೋದ ಮೇಲೆ ಅವಳೇ ಬಾಗಿಲು ಹಾಕಿದ್ದಳು.

"ಅದು ನಿಜ," ಅಂದಳು. "ನಾನು ನೋಡಿದ್ದೆ. ಯಾರು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ."

ಅವಳು ಮುದುಕರ ಪರ ವಹಿಸುತ್ತಾಳೆಂದು ಕಾದಿದ್ದವನು ಮೊದಲ ಸಲ ಅವಳ ಕಡೆ ತಿರುಗಿ ನೋಡಿದ.

"ಅವರ ಪರವಾಗಿ ಕ್ಷಮೆ ಕೇಳೋಕೆ ನಾನ್ಯಾರು? ಆದ್ರೆ ನೀವು ಬರದಿದ್ರೆ, ಈಗ ನನಗೆ ಅಂದ್ರಲ್ಲ, ಅದೇ ಮಾತನ್ನ ಚೀಟೀಲಿ ಬರ್ದು ಅವರ ಕಾಲಿಗೆ ಕಟ್ಟಿ ಕಳಿಸ್ತಾರೆ. ಜೀವಮಾನವಿಡೀ ಮಾತುಗಳನ್ನ ಕಾಯ್ಕೊಂಡು ಕೂತಿದ್ದವರು."

ಲೇತು ನಿಂತಿತು. ಅವನು ಬಹಳ ಹೊತ್ತು ಕೈ ತೊಳೆದ.

ದಾರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕೊನೆಗೆ ಏನಾದ್ರೂ ಅಂದ್ನಾ? ನಮ್ಮಪ್ಪನ ಬಗ್ಗೆ?"

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ಇಲ್ಲ. ನೀರು ಕೇಳಿದ್ರು, ಅಷ್ಟೇ."

ಅವನು ಹ್ಞೂಂ ಎಂದು ಮುಖ ಆ ಕಡೆ ತಿರುಗಿಸಿದ.

ಶವಾಗಾರದ ಕಾಗದಕ್ಕೆ ಅವನು ಸಹಿ ಮಾಡಿದ. ಸಂಜೆ ಇಬ್ಬರೂ ಸೇರಿ ಮಣ್ಣು ಹಾಕಿದರು.

ಮನೆ ಕಾನೂನಿನಂತೆ ಅವನಿಗೆ ಹೋಯಿತು. ಪುಟ್ಟಕ್ಕ ತಕರಾರು ಎತ್ತಲಿಲ್ಲ. ಮುಗಿಯದ ನಿಘಂಟಿನ ಪದಚೀಟಿಗಳ ಪೆಟ್ಟಿಗೆಗಳನ್ನು ಮಾತ್ರ ಕೇಳಿದಳು. "ತಗೊಂಡ್ಹೋಗಿ, ನನಗ್ಯಾಕೆ ಆ ಕಸ," ಅಂದವನು, ಅವನ್ನು ತನ್ನ ಗಾಡಿಯಲ್ಲೇ ಹೇರಿಕೊಂಡು ಅವಳು ಹೊಸದಾಗಿ ಹಿಡಿದ ಬಾಡಿಗೆ ಕೋಣೆಗೆ ತಂದ. ಗೋಡೆಗೆ ಕಬ್ಬಿಣದ ಹಲಗೆ ಕೂರಿಸಿ, ತಿರುಪು ಬಿಗಿದು, ಎರಡೂ ಕೈ ಊರಿ ಜಗ್ಗಿ ನೋಡಿದ.

"ಭಾರ ತಡೆಯುತ್ತೆ," ಅಂದ. ಪುಟ್ಟಕ್ಕ ಮೊದಲ ಪೆಟ್ಟಿಗೆಯನ್ನು ಎತ್ತಿಕೊಟ್ಟಳು.